ಬೆನ್ನುಹುರಿ ಗಡ್ಡೆಗೆ ಇಲಿಯೋ ಮೊಲವೋ? 1.5 ಟೆಸ್ಲಾ ಎಂಆರ್‌ಐನಲ್ಲಿ ಏನು ಕಾಣುತ್ತದೆ?

ಬನ್ನಿಮಂಟಪ_ಸ್ಕಾಲರ್

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಫಾರ್ಮಕಾಲಜಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬೆನ್ನುಹುರಿಯ ಒಳಗೇ, ನರಗಳಿಗೆ ಆಸರೆಯಾದ ಗ್ಲಿಯಾ ಕೋಶಗಳಿಂದ ಬೆಳೆಯುವ ಗ್ಲಿಯೋಮಾ ಗಡ್ಡೆಗೆ ಒಂದು ಪ್ರಾಣಿ ಮಾದರಿ ಮಾಡಬೇಕು, ಅದು ಬೆಳೆಯುವುದನ್ನು ವಾರ ವಾರ ಎಂಆರ್‌ಐನಲ್ಲಿ ನೋಡಬೇಕು, ಆಮೇಲೆ ಒಂದು ಔಷಧ ಕೊಟ್ಟು ಕುಗ್ಗುತ್ತದಾ ಅಂತ ಅಳೆಯಬೇಕು. ಇಷ್ಟು ಪ್ಲಾನ್. ನಮ್ಮ ಅನಿಮಲ್ ಹೌಸ್‌ನಲ್ಲಿ ವಿಸ್ಟಾರ್ ತಳಿಯ ಇಲಿಗಳಿವೆ. ಪುಣೆಯ ಕೋಶ ವಿಜ್ಞಾನ ಕೇಂದ್ರ ಎನ್‌ಸಿಸಿಎಸ್‌ನಿಂದ ಸಿ6 ಅನ್ನುವ ಇಲಿ ಗ್ಲಿಯೋಮಾ ಕೋಶಗಳನ್ನು ತರಿಸುವ ಯೋಚನೆ ಇದೆ. ಪರಿಚಯದ ಒಂದು ಕಡೆ 1.5 ಟೆಸ್ಲಾ (ಅಯಸ್ಕಾಂತದ ಬಲ) ಎಂಆರ್‌ಐ ಮೆಷಿನ್ ಭಾನುವಾರ ಸಂಜೆ ಬಿಟ್ಟುಕೊಡುತ್ತೇವೆ ಅಂದಿದ್ದಾರೆ, ಬರವಣಿಗೆಯಲ್ಲಿ ಇನ್ನೂ ಏನೂ ಬಂದಿಲ್ಲ. "ಇಲಿ ಇದೆ, ಮೆಷಿನ್ ಇದೆ, ಶುರು ಮಾಡಮ್ಮ" ಅನ್ನುತ್ತಾರೆ ಗೈಡ್. ನನಗೆ ಧೈರ್ಯ ಬರುತ್ತಿಲ್ಲ. ಎಥಿಕ್ಸ್ ಕಮಿಟಿ ಮುಂದೆ ಫಾರ್ಮ್ ಬಿ (ಪ್ರಾಣಿ ಪ್ರಯೋಗದ ಅರ್ಜಿ) ಇಡುವ ಮೊದಲು ಗೊತ್ತಿರುವವರು ಬೈದಾದರೂ ಸರಿ, ಹೇಳಿ.

ಮ್ಯಾಗ್ನೆಟ್_ಮಾಮ

ಬೈಯುವುದಿಲ್ಲಮ್ಮ, ಲೆಕ್ಕ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಎಂಆರ್‌ಐ ಕನ್ಸೋಲ್ ಮುಂದೆ ಕೂತವನು ನಾನು.

ಇಲಿಯ ಬೆನ್ನುಹುರಿ ಸುಮಾರು 3 ಮಿಮೀ ದಪ್ಪ. ಮನುಷ್ಯರ ಸ್ಪೈನ್‌ಗೆ 1.5 ಟೆಸ್ಲಾದಲ್ಲಿ ನಾವು ಹಾಕುವ ಮಾಮೂಲಿ ಪ್ರೋಟೋಕಾಲ್‌ನಲ್ಲಿ ಒಂದು ಪಿಕ್ಸೆಲ್ 0.6 ಅಥವಾ 0.7 ಮಿಮೀ, ಸ್ಲೈಸ್ ದಪ್ಪ 3 ರಿಂದ 4 ಮಿಮೀ. ಅಂದರೆ ಇಡೀ ಹುರಿಗೆ ನಾಲ್ಕೈದು ಪಿಕ್ಸೆಲ್. ಗಡ್ಡೆ 2 ಮಿಮೀ ಇದ್ದರೆ ಮೂರು ಪಿಕ್ಸೆಲ್. ಅದೂ ಒಂದೇ ಸ್ಲೈಸಿನೊಳಗೆ, ಸುತ್ತಲಿನ ನೀರು ಕೊಬ್ಬು ಎಲ್ಲದರ ಜೊತೆ ಕಲಸಿಕೊಂಡು. ಅದು ಬೆಳೆಯಿತು ಅಥವಾ ಕುಗ್ಗಿತು ಅಂತ ನೀವು ಹೇಗೆ ಹೇಳುತ್ತೀರಿ? ಒಂದು ಪಿಕ್ಸೆಲ್ ಆ ಕಡೆ ಈ ಕಡೆ ಆದರೆ ನಿಮ್ಮ ಔಷಧ ಕೆಲಸ ಮಾಡಿದಂತೆ ಕಾಣುತ್ತದೆ.

"ಹಾಗಾದರೆ ಸ್ಲೈಸ್ ತೆಳು ಮಾಡಿ ಮಾಮ" ಅಂತ ಎಲ್ಲರೂ ಕೇಳುತ್ತಾರೆ. ವಾಕ್ಸೆಲ್ಲನ್ನು, ಅಂದರೆ ಪಿಕ್ಸೆಲ್ ಮತ್ತು ಸ್ಲೈಸ್ ದಪ್ಪ ಸೇರಿದ ಪುಟ್ಟ ಡಬ್ಬಿಯನ್ನು, ಮೂರು ದಿಕ್ಕಿಗೂ ಅರ್ಧ ಮಾಡಿದರೆ ಸಿಗ್ನಲ್ ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ. ಅದನ್ನು ಬರೀ ಆವರೇಜಿಂಗ್‌ನಿಂದ (ಅದೇ ಸ್ಕ್ಯಾನ್ ಮತ್ತೆ ಮತ್ತೆ ತೆಗೆದು ಸರಾಸರಿ ಮಾಡಿ) ವಾಪಸ್ ತರಬೇಕು ಅಂದರೆ 64 ಸಲ ಓಡಿಸಬೇಕು. ನಾಲ್ಕು ನಿಮಿಷದ ಸ್ಕ್ಯಾನ್ ನಾಲ್ಕು ಗಂಟೆ ದಾಟುತ್ತದೆ. ಅಷ್ಟು ಹೊತ್ತು ಇಲಿ ಅರಿವಳಿಕೆಯಲ್ಲಿ, ತಣ್ಣಗಿನ ರೂಮಲ್ಲಿ. ಬದುಕುತ್ತದಾ?

ಸಿಗ್ನಲ್ ಹಿಡಿಯುವ ಕಾಯಿಲ್ ಚಿಕ್ಕದು ಹಾಕಿದರೆ ಎಷ್ಟೋ ವಾಸಿ, ಅದು ನಿಜ. ಮಣಿಕಟ್ಟಿನ ಕಾಯಿಲ್ ಬಳಸಬಹುದು. ಪ್ರಾಣಿಯನ್ನು ಅಂಗಾತ ಮಲಗಿಸಿ, ಬೆನ್ನು ಕಾಯಿಲ್‌ಗೆ ತಾಗುವಂತೆ. ಹೀಗೆ ಹೊಟ್ಟೆ ಮೇಲ್ಮುಖವಾಗಿದ್ದರೆ ಉಸಿರಾಟಕ್ಕೆ ಬೆನ್ನು ಅಲ್ಲಾಡುವುದು ಕಡಿಮೆ. ಆದರೂ ಇಲಿಯ ಹುರಿಯೊಳಗಿನ ಗಡ್ಡೆಯನ್ನು ಅಳತೆ ಮಾಡುವ ಕೆಲಸ 7 ಅಥವಾ 9.4 ಟೆಸ್ಲಾದ ಸಣ್ಣ ಪ್ರಾಣಿ ಸ್ಕ್ಯಾನರ್‌ಗಳದ್ದು. ನಮ್ಮ ಮೆಷಿನ್‌ಗೆ ತಕ್ಕ ಪ್ರಾಣಿ ಹುಡುಕಿ.

ಬನ್ನಿಮಂಟಪ_ಸ್ಕಾಲರ್

ಅಯ್ಯೋ ಮಾಮ, ಈ 64ರ ಲೆಕ್ಕ ಯಾರೂ ಹೇಳಿರಲಿಲ್ಲ. ಇಲಿ ಬಿಟ್ಟರೆ ಮೊಲ ಅಲ್ವಾ? ನಮ್ಮಲ್ಲಿ ನ್ಯೂಜಿಲೆಂಡ್ ವೈಟ್ ತಳಿಯವು ಇವೆ.

ಸ್ಲೈಡ್_ನೋಡುವವಳು

ಮೊಲಕ್ಕೆ ಹೋಗುವ ಮುಂಚೆ ಆ ಸಿ6 ವಿಚಾರ ಮುಗಿಸೋಣ. ಎಂಆರ್‌ಐಗಿಂತ ದೊಡ್ಡ ತೊಂದರೆ ಅಲ್ಲಿದೆ, ಅದನ್ನು ಯಾರೂ ನೋಡುತ್ತಿಲ್ಲ.

ಸಿ6 ಹುಟ್ಟಿದ್ದು 1960ರ ದಶಕದಲ್ಲಿ, ವಿಸ್ಟಾರ್ ಇಲಿಗಳಿಗೆ ನೈಟ್ರೋಸೋ ರಾಸಾಯನಿಕ ಕೊಟ್ಟು. ಹಾಗಾದರೆ ವಿಸ್ಟಾರ್‌ಗೆ ಹಾಕಿದರೆ ಸರಿ ಅಂತ ಎಲ್ಲರ ಲೆಕ್ಕ. ಆದರೆ ವಿಸ್ಟಾರ್ ಔಟ್‌ಬ್ರೆಡ್ ತಳಿ. ಒಂದು ಇಲಿಯ ಮೈ ಇನ್ನೊಂದರಂತೆ ಇರುವುದಿಲ್ಲ. ನೀವು ಹಾಕಿದ ಕೋಶವನ್ನು ಆ ಇಲಿಯ ರೋಗನಿರೋಧಕ ಶಕ್ತಿ ಹೊರಗಿನದು ಅಂತ ಗುರುತಿಸಿ ಹೊಡೆಯಬಹುದು. ಕೆಲವು ಇಲಿಗಳಲ್ಲಿ ಗಡ್ಡೆ ಬೆಳೆಯುತ್ತದೆ, ಕೆಲವದರಲ್ಲಿ ತಾನಾಗಿಯೇ ಕರಗುತ್ತದೆ. ಔಷಧ ಕೊಟ್ಟ ಗುಂಪಿನಲ್ಲಿ ಹೀಗೆ ಕರಗಿದವು ನಾಲ್ಕು ಸೇರಿಬಿಟ್ಟರೆ ಮುಗಿಯಿತು, ಥೀಸಿಸ್‌ನಲ್ಲಿ "ಗಮನಾರ್ಹ ಪರಿಣಾಮ". ನಾನು ಇಂಥ ಸ್ಲೈಡ್ ನೋಡಿದ್ದೇನೆ. ಗಡ್ಡೆ ಇದ್ದ ಜಾಗದಲ್ಲಿ ತುಂಬ ಲಿಂಫೋಸೈಟ್ (ರೋಗನಿರೋಧಕ ಕೋಶ), ಸುತ್ತ ಗಾಯದ ಅಂಗಾಂಶ. ಔಷಧವೇ ಕೊಡದ ಇಲಿ ಅದು.

ಗ್ಲಿಯೋಮಾನೇ ಬೇಕು ಅಂದರೆ ಫಿಷರ್ 344 ಇಲಿ ತರಿಸಿ. ಅದು ಇನ್‌ಬ್ರೆಡ್, ಎಲ್ಲವೂ ಒಂದೇ ಥರ. ಅದರಲ್ಲೇ ಹುಟ್ಟಿದ ಎಫ್98 ಅಥವಾ 9ಎಲ್ ಕೋಶ ಹಾಕಿ. ಹುರಿಯೊಳಗೆ ಹಾಕಿದರೆ ಎರಡು ಮೂರು ವಾರದಲ್ಲಿ ಹಿಂಗಾಲು ಸೋಲುತ್ತವೆ, 9ಎಲ್ ಇನ್ನೂ ಬೇಗ. ಎರಡರಲ್ಲಿ ಎಫ್98 ವಾಸಿ, ಅದಕ್ಕೆ ಇಲಿಯ ಮೈ ಅಷ್ಟಾಗಿ ತಿರುಗಿ ಬೀಳುವುದಿಲ್ಲ. 9ಎಲ್‌ಗೆ ಜಾಸ್ತಿ ತಿರುಗಿ ಬೀಳುತ್ತದೆ.

ಮನುಷ್ಯರ ಗ್ಲಿಯೋಮಾದ ಯು87 ಕೋಶವನ್ನು, ರೋಗನಿರೋಧಕ ಶಕ್ತಿ ಕುಂದಿದ ನ್ಯೂಡ್ ಮೌಸ್‌ಗೆ ಹಾಕುತ್ತೇನೆ ಅಂತ ಆಮೇಲೆ ಬರಬೇಡಿ. ಎಲ್ಲರೂ ಬಳಸುವ ಆ ಯು87, ಯಾರ ಗಡ್ಡೆಯಿಂದ ಬಂತು ಅಂತ ಅಂದುಕೊಂಡಿದ್ದೆವೋ ಆ ರೋಗಿಯದ್ದೇ ಅಲ್ಲ ಅಂತ 2016ರಲ್ಲಿ ಡಿಎನ್‌ಎ ನೋಡಿ ಹೇಳಿದರು. ಅರ್ಧ ಶತಮಾನ ಎಲ್ಲರೂ ಅದರ ಮೇಲೆ ಪೇಪರ್ ಬರೆದಿದ್ದರು!

ಕಬ್ಬಿನ_ಗದ್ದೆ

ನಾನು ಮಂಡ್ಯದ ಕಡೆಯವನು, ಡಾಕ್ಟರೂ ಅಲ್ಲ ಏನೂ ಅಲ್ಲ. ನಮ್ಮಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಬಂದಿತ್ತು. ಮೊದಲು ಬೆನ್ನುನೋವು ಅಂದರು, ಗದ್ದೆ ಕೆಲಸದವರಿಗೆ ಬೆನ್ನುನೋವು ಇದ್ದದ್ದೇ ಅಂತ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ರಾತ್ರಿ ಮಲಗಿದರೆ ನೋವು ಜಾಸ್ತಿ, ಎದ್ದು ಕೂರೋರು. ತೋರಿಸಿದ ಕಡೆ ಎಕ್ಸ್‌ರೇ ತೆಗೆದು ಏನೂ ಇಲ್ಲ, ಸವೆತ ಅಂದರು. ಒಂದಿನ ಬೆಳಗ್ಗೆ ಕಾಲು ಎತ್ತಲಾಗಲಿಲ್ಲ. ಆಗ ಎಂಆರ್‌ಐ.

ತಪ್ಪು ತಿಳಿಯಬೇಡಿ ಅಕ್ಕ, ಇಲಿಗೋ ಮೊಲಕ್ಕೋ ಗಡ್ಡೆ ಹಾಕಿ ನೋಡಿದರೆ ನಮ್ಮಪ್ಪನಂಥವರಿಗೆ ಏನು ಬಂತು? ಸುಮ್ನೆ ಡಿಗ್ರಿಗೋಸ್ಕರ ಮಾಡೋದಾ ಅಂತ ಕೇಳ್ತಿದ್ದೀನಿ.

ಸ್ಲೈಡ್_ನೋಡುವವಳು

ಕೇಳಬೇಕಾದ್ದನ್ನೇ ಕೇಳಿದ್ದೀರಿ ಅಣ್ಣ.

ಮೊದಲು ಆ ಎಕ್ಸ್‌ರೇ. ಮೂಳೆಯ ಸುಣ್ಣದಂಶ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಹೋಗುವ ತನಕ ಮಾಮೂಲಿ ಎಕ್ಸ್‌ರೇಯಲ್ಲಿ ಕಾಣುವುದೇ ಕಷ್ಟ. ಪ್ರಾಸ್ಟೇಟ್‌ದು ಬೇರೆ ಥರ, ಅದು ಮೂಳೆ ತಿನ್ನುವುದಕ್ಕಿಂತ ಗಟ್ಟಿ ಮೂಳೆ ಕಟ್ಟುವುದೇ ಜಾಸ್ತಿ. ಅದೂ ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೆ ಹೋಗಬಹುದು. ಎಂಆರ್‌ಐ ಮಜ್ಜೆಯನ್ನೇ ನೋಡುತ್ತದೆ, ಅದಕ್ಕೇ ಬೇಗ ಹಿಡಿಯುತ್ತದೆ.

ಇನ್ನು ಪ್ರಾಣಿ ವಿಚಾರ. ನಿಮ್ಮ ತಂದೆಗೆ ಕಾಲು ಸೋತ ಕೂಡಲೇ ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟಿರುತ್ತಾರೆ, ಕೇಸ್ ಶೀಟ್ ನೋಡಿ. 1977ರಲ್ಲಿ ಇಲಿಗಳ ಮೇಲೆ ಒಂದು ಕೆಲಸ ಆಯಿತು. ವಾಕರ್ 256 ಅನ್ನುವ ಗಡ್ಡೆಯ ಕೋಶಗಳನ್ನು ಎದೆಯ ಕೆಳಭಾಗದ ಬೆನ್ನುಮೂಳೆಯ ಮುಂದೆ ಹಾಕಿದರು. ಗಡ್ಡೆ ನರ ಹೊರಬರುವ ಕಿಂಡಿಯಿಂದ ಒಳನುಗ್ಗಿ ಹುರಿಯನ್ನು ಒತ್ತಿತು. ಮನುಷ್ಯರಲ್ಲಿ ಆಗುವ ಹಾಗೆಯೇ. ಹುರಿ ಬರೀ ಒತ್ತಡಕ್ಕೆ ಕೆಡುವುದಿಲ್ಲ, ಒಳಗೆ ನೀರು ತುಂಬಿ ಊದಿಕೊಳ್ಳುತ್ತದೆ, ಡೆಕ್ಸಾಮೆಥಾಸೋನ್ ಆ ಊತ ಇಳಿಸುತ್ತದೆ ಅನ್ನುವುದನ್ನು ಆ ಇಲಿಗಳಲ್ಲಿ ಕಣ್ಣಾರೆ ಕಂಡರು. ಇವತ್ತು ಕಾಲು ಸೋತು ಬಂದವರಿಗೆ ಆ ಇಂಜೆಕ್ಷನ್ ಕೊಡುವುದರ ಹಿಂದೆ ಇಂಥ ಕೆಲಸ ಇದೆ.

ಆದರೆ ಇನ್ನೊಂದು ಮಾತೂ ಹೇಳಬೇಕು. ಆಪರೇಷನ್ ಮಾಡಿ ಒತ್ತಡ ಬಿಡಿಸಿ ಆಮೇಲೆ ರೇಡಿಯೇಷನ್ ಕೊಟ್ಟರೆ ಒಳ್ಳೆಯದೋ, ಬರೀ ರೇಡಿಯೇಷನ್ ಸಾಕೋ ಅನ್ನುವುದು ತೀರ್ಮಾನ ಆದದ್ದು ಮನುಷ್ಯರ ಮೇಲಿನ ಟ್ರಯಲ್‌ನಿಂದ, 2005ರಲ್ಲಿ. ಆಪರೇಷನ್ ಆದವರಲ್ಲಿ 84% ಜನ ನಡೆದರು, ಬರೀ ರೇಡಿಯೇಷನ್‌ನವರಲ್ಲಿ 57%. ಅದನ್ನು ಯಾವ ಇಲಿಯೂ ಹೇಳಿಕೊಡುತ್ತಿರಲಿಲ್ಲ. ಪ್ರಾಣಿಯಿಂದ ತಿಳಿಯಬಹುದಾದ ಪ್ರಶ್ನೆ ಯಾವುದು, ರೋಗಿಯಿಂದ ಮಾತ್ರ ತಿಳಿಯುವುದು ಯಾವುದು ಅಂತ ಬೇರೆ ಮಾಡಿಕೊಳ್ಳದೆ ಮೊಲ ತರಿಸುವುದು ನನಗೆ ಇಷ್ಟವಿಲ್ಲ.

ಕಬ್ಬಿನ_ಗದ್ದೆ

ಸರಿ ಅಕ್ಕ, ಡೆಕ್ಸಾ ಅಂತ ಬರೆದಿದ್ದು ನಿಜ. ಅಪ್ಪ ಈಗ ವಾಕರ್ ಹಿಡ್ಕೊಂಡು ಜಗಲಿ ತನಕ ಬರ್ತಾರೆ.

ಕುಕ್ಕರಹಳ್ಳಿ_ವಾಯುವಿಹಾರಿ

ನನ್ನದು ಸ್ವಲ್ಪ ಖಾರವಾದ ಪ್ರಶ್ನೆ. ಪ್ರಾಣಿ ಪ್ರಯೋಗ ಅಂದರೆ 1959ರಿಂದ ಎಲ್ಲರ ಬಾಯಲ್ಲೂ ಮೂರು ಆರ್ (ರಿಪ್ಲೇಸ್, ರಿಡ್ಯೂಸ್, ರಿಫೈನ್), ಬದಲಿ ಹುಡುಕು, ಕಡಿಮೆ ಮಾಡು, ನೋವು ತಗ್ಗಿಸು. 2023ರಲ್ಲಿ ನಮ್ಮ ದೇಶದ ಔಷಧ ಟ್ರಯಲ್ ನಿಯಮಗಳಲ್ಲೂ ಪ್ರಾಣಿ ಬಳಸದ ವಿಧಾನಗಳಿಗೆ ಜಾಗ ಕೊಟ್ಟರು. ಹಾಗಿದ್ದೂ ಮೂರು ಪಿಕ್ಸೆಲ್ ನೋಡಲು ಒಂದು ಜೀವದ ಕಾಲು ಸೋಲಿಸಬೇಕಾ? ನಾಯಿಗಳಿಗೆ ತಾನಾಗೇ ಇಂಥ ಗಡ್ಡೆ ಬರುವುದಿಲ್ಲವಾ? ಅದನ್ನೇ ಓದಬಹುದಲ್ಲ.

ಮದ್ದೂರು_ಪಶುವೈದ್ಯ

ಬರುತ್ತದೆ ಸರ್. ವಯಸ್ಸಾದ ನಾಯಿಗಳಲ್ಲಿ ಹುರಿಯ ಪೊರೆಯ ಮೆನಿಂಜಿಯೋಮಾ ಬರುತ್ತದೆ. ಎಳೇ ನಾಯಿಗಳಲ್ಲಿ, ಅದರಲ್ಲೂ ಜರ್ಮನ್ ಶೆಫರ್ಡ್‌ಗಳಲ್ಲಿ, ನೆಫ್ರೋಬ್ಲಾಸ್ಟೋಮಾ ಅಂತ ಒಂದಿದೆ. ಅದು ಹೆಚ್ಚಾಗಿ ಟಿ10 ರಿಂದ ಎಲ್2ರ ನಡುವೆಯೇ (ಎದೆಯ ಹತ್ತನೇ ಮಣಿಯಿಂದ ಸೊಂಟದ ಎರಡನೇ ಮಣಿಯವರೆಗೆ) ಕೂರುತ್ತದೆ. ಕಿಡ್ನಿಯ ಗಡ್ಡೆಯ ಜಾತಿ, ಬೆನ್ನುಹುರಿ ಪಕ್ಕದಲ್ಲಿ! ವಿಚಿತ್ರ ಅಲ್ವಾ. ಮಾಲೀಕರು ಒಪ್ಪಿದರೆ ಇಂಥ ನಾಯಿಗಳಿಗೆ ಚಿಕಿತ್ಸೆ ಕೊಡುತ್ತಲೇ ಕಲಿಯಬಹುದು. ಹೊರದೇಶಗಳಲ್ಲಿ ಅದು ದೊಡ್ಡದಾಗಿ ನಡೆಯುತ್ತಿದೆ.

ನಮ್ಮ ಕಡೆ ಕಥೆ ಬೇರೆ. ನಾಯಿ ಹಿಂಗಾಲು ಎಳೆಯುತ್ತಿದೆ ಅಂತ ಬಂದವರು ಎಕ್ಸ್‌ರೇ ತನಕ ಬಂದರೆ ಅದೇ ಹೆಚ್ಚು. ಎಂಆರ್‌ಐ ಅಂದರೆ ಬೆಂಗಳೂರು, ದುಡ್ಡು, ಅರಿವಳಿಕೆ. ಎಷ್ಟೋ ಸಲ ಗಡ್ಡೆಯೋ ಡಿಸ್ಕೋ ಗೊತ್ತಾಗದೆ ಹೋಗುತ್ತದೆ. ಹೀಗಾಗಿ ಪಿಎಚ್‌ಡಿ ಮುಗಿಯುವಷ್ಟರಲ್ಲಿ ಲೆಕ್ಕಕ್ಕೆ ಸಾಕಾಗುವಷ್ಟು ನಾಯಿಗಳು ಸಿಗುವುದಿಲ್ಲ.

ಬಂಡೂರು ಕುರಿ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ, ನಮ್ಮ ಜಿಲ್ಲೆಯವರಿಗೆ ಅದು ಬಂದೇ ಬರುತ್ತದೆ 😄. ಕುರಿಯ ಬೆನ್ನುಮೂಳೆಯನ್ನು ಸ್ಕ್ರೂ, ಕೇಜ್ ಇಂಥವನ್ನು ಪರೀಕ್ಷಿಸಲು ಜಗತ್ತಿನಾದ್ಯಂತ ಬಳಸುತ್ತಾರೆ. ಗಡ್ಡೆ ಕೆಲಸಕ್ಕೆ ಬೇಡ. ದೊಡ್ಡ ಪ್ರಾಣಿ ಅಂದರೆ ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿ ಐಎಇಸಿ ಒಪ್ಪಿಗೆ ಸಾಲದು, ಮೇಲಿನ ಕೇಂದ್ರ ಸಮಿತಿ ಸಿಸಿಎಸ್‌ಇಎ ತನಕ ಹೋಗಬೇಕು. ಇಲಿ, ಮೊಲ ಆದರೆ ಐಎಇಸಿ ಹಂತದಲ್ಲೇ ಆಗುತ್ತದೆ.

ಬನ್ನಿಮಂಟಪ_ಸ್ಕಾಲರ್

ಸರ್, ಹಾಗಾದರೆ ಮೊಲದಲ್ಲಿ ವಿಎಕ್ಸ್2 ಗಡ್ಡೆ ಮಾಡಬಹುದಾ? ತುಂಬಾ ಪೇಪರ್‌ಗಳಲ್ಲಿ ಅದೇ ಇದೆ.

ಸ್ಲೈಡ್_ನೋಡುವವಳು

ವಿಎಕ್ಸ್2 ಕಥೆ ಚೆನ್ನಾಗಿದೆ. ಅಮೆರಿಕದ ಕಾಡುಮೊಲಗಳ ತಲೆ ಮೇಲೆ ಕೊಂಬಿನ ಥರ ನರಹುಲಿ ಬೆಳೆಯುತ್ತಿತ್ತು. ಅದಕ್ಕೆ ಒಂದು ವೈರಸ್ ಕಾರಣ ಅಂತ 1933ರಲ್ಲಿ ರಿಚರ್ಡ್ ಶೋಪ್ ತೋರಿಸಿದರು. ಆ ವೈರಸ್ಸನ್ನು ಸಾಕುಮೊಲಕ್ಕೆ ಹಾಕಿದಾಗ ಹುಟ್ಟಿದ ಕ್ಯಾನ್ಸರ್‌ನಿಂದ ಬಂದದ್ದು ವಿಎಕ್ಸ್2. ಅಂದಿನಿಂದ ಮೊಲದಿಂದ ಮೊಲಕ್ಕೆ ದಾಟಿಸುತ್ತಾ ಬದುಕಿಸಿಕೊಂಡು ಬಂದಿದ್ದಾರೆ.

ಒಂದು ಗಟ್ಟಿ ಮಾತು. ಅದು ಚರ್ಮದ ಜಾತಿಯ ಕಾರ್ಸಿನೋಮಾ. ಗ್ಲಿಯೋಮಾ ಅಲ್ಲವೇ ಅಲ್ಲ. ಹುರಿಯೊಳಗೆ ಹಾಕಿ "ಗ್ಲಿಯೋಮಾ ಮಾದರಿ" ಅಂತ ಬರೆದರೆ ನಾನು ರಿವ್ಯೂವರ್ ಆಗಿದ್ದರೆ ಮೊದಲ ಪುಟದಲ್ಲೇ ವಾಪಸ್. ಬೆನ್ನುಮೂಳೆಯ ಮಣಿಯೊಳಗೆ ಹಾಕಿ, ಬೇರೆ ಕಡೆಯಿಂದ ಹರಡಿ ಬಂದ ಗಡ್ಡೆ ಮೂಳೆ ತಿಂದು ಹುರಿ ಒತ್ತುವುದಕ್ಕೆ ಮಾದರಿ ಅಂದರೆ ಒಪ್ಪುತ್ತೇನೆ. ಬೆನ್ನಿನ ಗಡ್ಡೆಗಳಲ್ಲಿ ಬಹುಪಾಲು ಹರಡಿ ಬಂದವೇ. ಹುರಿಯೊಳಗಿನ ಗ್ಲಿಯೋಮಾ ಅಪರೂಪ. ಕಬ್ಬಿನ ಗದ್ದೆ ಅಣ್ಣನ ತಂದೆಯಂಥವರು ವಾರ್ಡಿನಲ್ಲಿ ದಿನಾ ಸಿಗುತ್ತಾರೆ.

ಪ್ರಾಸ್ಟೇಟ್‌ಗೆ ಮಾತ್ರ ಇದು ಹೊಂದುವುದಿಲ್ಲ. ವಿಎಕ್ಸ್2 ಮೂಳೆ ತಿನ್ನುತ್ತದೆ, ಕಟ್ಟುವುದಿಲ್ಲ. ಸ್ತನ, ಶ್ವಾಸಕೋಶದಿಂದ ಬಂದವಕ್ಕೆ ಹತ್ತಿರ.

ಮ್ಯಾಗ್ನೆಟ್_ಮಾಮ

ಈಗ ನನಗೆ ಖುಷಿ. ಮಣಿಯೊಳಗಿನ ಗಡ್ಡೆ ಅಂದರೆ ಮೊಲದಲ್ಲಿ 1.5 ಟೆಸ್ಲಾದಲ್ಲೇ ಕಾಣುತ್ತದೆ. ಮೊಣಕಾಲು ಕಾಯಿಲ್‌ನೊಳಗೆ ಮೊಲ ಹಿಡಿಸುತ್ತದೆ. ಎಂಆರ್‌ಐ ಚಿತ್ರದ ಬಗೆಗಳು ಮೂರು ಸಾಕು: ಟಿ1, ಕೊಬ್ಬು ಅಡಗಿಸಿದ ಟಿ2, ಗ್ಯಾಡೋಲಿನಿಯಂ (ಗಡ್ಡೆ ಎದ್ದು ಕಾಣಿಸುವ ಇಂಜೆಕ್ಷನ್) ಕೊಟ್ಟ ಮೇಲೆ ಟಿ1. ಮೂಳೆ ಎಷ್ಟು ತಿಂದಿದೆ ಅನ್ನುವುದಕ್ಕೆ ಸಿಟಿ. ಎರಡನ್ನೂ ಒಂದೇ ದಿನ ತೆಗೆಯಿರಿ.

ಒಂದು ಎಚ್ಚರ. ಮೂಳೆ ಕೊರೆಯುವಾಗ ಡ್ರಿಲ್ ತುದಿಯಿಂದ ಕಣ್ಣಿಗೆ ಕಾಣದ ಲೋಹದ ಪುಡಿ ಉಳಿಯುತ್ತದೆ. ಎಂಆರ್‌ಐನಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಕಪ್ಪು ಗುಂಡಿ. ಚೆನ್ನಾಗಿ ತೊಳೆಯಿರಿ, ಸಾಧ್ಯವಾದರೆ ಕೈಯಲ್ಲಿ ತಿರುಗಿಸುವ ಸೂಜಿಯಿಂದಲೇ ತೂತು ಮಾಡಿ. ಚರ್ಮಕ್ಕೆ ಸ್ಟೇಪ್ಲರ್ ಹೊಡೆಯಬೇಡಿ, ದಾರದಲ್ಲಿ ಹೊಲಿಯಿರಿ. ಆಪರೇಷನ್ ಆದ ಮೊದಲ ದಿನಗಳಲ್ಲಿ ಟಿ2ನಲ್ಲಿ ಬೆಳ್ಳಗೆ ಕಾಣುವುದು ಗಡ್ಡೆಯಲ್ಲ, ನೀವು ಮಾಡಿದ ಗಾಯ. ಅದಕ್ಕೇ ಗಡ್ಡೆ ಹಾಕದೆ ಬರೀ ತೂತು ಮಾಡಿದ ಶಾಮ್ ಗುಂಪು ಇರಲೇಬೇಕು, ಅವಕ್ಕೂ ಅದೇ ದಿನಗಳಲ್ಲೇ ಸ್ಕ್ಯಾನ್.

ಕುಕ್ಕರಹಳ್ಳಿ_ವಾಯುವಿಹಾರಿ

"ಮೊಲದಿಂದ ಮೊಲಕ್ಕೆ ದಾಟಿಸುತ್ತಾ" ಅಂದರಲ್ಲ ಮೇಡಂ. ಆ ಮೊಲಗಳು ಫಾರ್ಮ್ ಬಿ ಲೆಕ್ಕದಲ್ಲಿ ಬರುತ್ತವಾ?

ಸ್ಲೈಡ್_ನೋಡುವವಳು

ಬರಲೇಬೇಕು. ವಿಎಕ್ಸ್2ನ್ನು ಡಿಶ್‌ನಲ್ಲಿ ಬೆಳೆಸಿ ಇಟ್ಟುಕೊಳ್ಳುವುದು ಕಷ್ಟ. ತೊಡೆಯ ಸ್ನಾಯುವಿನಲ್ಲಿ ಬೆಳೆಸಿ, ತೆಗೆದು, ಚೂರು ಮಾಡಿ ಇನ್ನೊಂದಕ್ಕೆ ಹಾಕುತ್ತಾರೆ. ಬಹಳ ಪ್ರೊಪೋಸಲ್‌ಗಳಲ್ಲಿ ಈ ಮೊಲಗಳು ಮಾಯವಾಗಿರುತ್ತವೆ. ನೀವು ಕೇಳಿದ್ದು ಒಳ್ಳೆಯದಾಯಿತು. ಒಂದು ಸಲ ಬೆಳೆಸಿದ ಗಡ್ಡೆಯ ಚೂರುಗಳನ್ನು ಫ್ರೀಜ್ ಮಾಡಿಟ್ಟರೆ ಎಷ್ಟೋ ಮೊಲ ಉಳಿಯುತ್ತವೆ.

ಮದ್ದೂರು_ಪಶುವೈದ್ಯ

ಮೊಲದ ಬಗ್ಗೆ ನನ್ನ ಪಾಲಿನದು ಹೇಳುತ್ತೇನೆ. ಇಲಿ ಸಾಕಿ ರೂಢಿ ಇರುವವರು ಇಲ್ಲೇ ಎಡವುತ್ತಾರೆ.

ಮೊಲವನ್ನು ಎತ್ತುವಾಗ ಹಿಂಭಾಗಕ್ಕೆ ಕೈ ಕೊಡಲೇಬೇಕು. ಅದರ ಕಾಲಿನ ಸ್ನಾಯು ಬಲ ಜಾಸ್ತಿ, ಮೂಳೆ ಹಗುರ. ಹೆದರಿ ಒಂದು ಸಲ ಒದ್ದರೆ ಸೊಂಟದ ಕೊನೆಯ ಮಣಿ, ಎಲ್7 ಸುತ್ತಮುತ್ತ, ಪಟ್ ಅಂತ ಮುರಿಯುತ್ತದೆ. ಹಿಂಗಾಲು ಸ್ವಾಧೀನ ತಪ್ಪುತ್ತದೆ. ನೀವು ಗಡ್ಡೆಯಿಂದ ಕಾಲು ಹೋಯಿತು ಅಂತ ಬರೆದುಕೊಂಡಿರುತ್ತೀರಿ, ನಿಜಕ್ಕೂ ಅಟೆಂಡರ್ ಕಿವಿ ಹಿಡಿದು ಎತ್ತಿರುತ್ತಾನೆ. ಬೋನು ಕ್ಲೀನ್ ಮಾಡುವವರಿಗೆ ಮೊದಲು ಟ್ರೇನಿಂಗ್ ಕೊಡಿ, ವಿದ್ಯಾರ್ಥಿಗಳಿಗೆ ಆಮೇಲೆ.

ಮಣಿಗಳ ಲೆಕ್ಕವೂ ಬೇರೆ. ಮನುಷ್ಯರಿಗೆ ಸೊಂಟದಲ್ಲಿ 5, ಇಲಿಗೆ 6, ಮೊಲಕ್ಕೆ 7. ನಮ್ಮ ಹುರಿ ಎಲ್1, ಎಲ್2 ಹತ್ತಿರ ಮುಗಿಯುತ್ತದೆ, ಮೊಲದ್ದು ಸೊಂಟದ ಕೆಳಗಿನ ಸೇಕ್ರಮ್ ಮೂಳೆ ತನಕ ಇಳಿಯುತ್ತದೆ. ಮನುಷ್ಯರ ಲೆಕ್ಕದಲ್ಲಿ ಸೊಂಟದ ಕೆಳಗೆ ಸೇಫ್ ಅಂತ ಸೂಜಿ ಚುಚ್ಚಿದರೆ ನೇರ ಹುರಿಗೇ.

ಆಪರೇಷನ್‌ಗೆ ಮುಂಚೆ ರಾತ್ರಿಯಿಡೀ ಉಪವಾಸ ಕೆಡವಬೇಡಿ. ಮೊಲ ವಾಂತಿ ಮಾಡುವುದಿಲ್ಲ, ಉಪವಾಸ ಬಿದ್ದರೆ ಕರುಳು ನಿಂತುಹೋಗುತ್ತದೆ. ಅರಿವಳಿಕೆಯಲ್ಲಿ ಎದೆಬಡಿತ ಕುಸಿಯದಂತೆ ಕೊಡುವ ಅಟ್ರೋಪಿನ್ ಬಹಳ ಮೊಲಗಳಲ್ಲಿ ನಿಲ್ಲುವುದಿಲ್ಲ, ಅದನ್ನು ಒಡೆಯುವ ಕಿಣ್ವ ಅವುಗಳ ರಕ್ತದಲ್ಲೇ ಇರುತ್ತದೆ. ಅದರ ಬದಲು ಗ್ಲೈಕೋಪೈರೊಲೇಟ್ ಇಟ್ಟುಕೊಳ್ಳಿ. ಹಿಂಗಾಲು ಸೋಲಲು ಶುರುವಾದರೆ ಮೂತ್ರಕೋಶವನ್ನು ದಿನಕ್ಕೆ ಎರಡು ಮೂರು ಸಲ ಕೈಯಲ್ಲಿ ಒತ್ತಿ ಖಾಲಿ ಮಾಡಬೇಕು. ಭಾನುವಾರ, ದಸರಾ ರಜೆ, ಯಾವುದೂ ಇಲ್ಲ. ಇದಕ್ಕೆ ಯಾರು ಬರುತ್ತಾರೆ ಅಂತ ಹೆಸರು ಬರೆದಿಟ್ಟ ಮೇಲೆ ಪ್ರೊಪೋಸಲ್ ಕೊಡಿ.

ಮತ್ತೆ, ಪೂರ್ತಿ ಕಾಲು ಹೋಗುವ ತನಕ ಕಾಯಬೇಡಿ. ಹೆಜ್ಜೆ ತಡವರಿಸಲು ಶುರುವಾದಾಗ ಕೊನೆಯ ಸ್ಕ್ಯಾನ್ ತೆಗೆದು ಅಲ್ಲಿಗೆ ನಿಲ್ಲಿಸಿ. ಆಮೇಲಿನ ದಿನಗಳಲ್ಲಿ ಇಮೇಜಿಂಗ್‌ಗೆ ಹೊಸದೇನೂ ಸಿಗುವುದಿಲ್ಲ.

ಕುಕ್ಕರಹಳ್ಳಿ_ವಾಯುವಿಹಾರಿ

ಈ ಕೊನೆಯ ಪ್ಯಾರಾ ಯಾವುದಾದರೂ ಪೇಪರ್‌ನಲ್ಲಿ ಮೊದಲೇ ಓದಿದ್ದರೆ ನನಗೆ ಅರ್ಧ ಸಿಟ್ಟು ಇಳಿಯುತ್ತಿತ್ತು. ಪೂರ್ತಿ ಒಪ್ಪಿದೆ ಅಂತಲ್ಲ.

ಬನ್ನಿಮಂಟಪ_ಸ್ಕಾಲರ್

ಎಲ್ಲರಿಗೂ ಥ್ಯಾಂಕ್ಸ್. ಗೈಡ್ ಜೊತೆ ಕೂತು ಮಾತಾಡಿದೆ. ಹುರಿಯೊಳಗಿನ ಗ್ಲಿಯೋಮಾ ಬಿಟ್ಟಿದ್ದೇವೆ. ಅದು ಮಾಡಬೇಕು ಅಂದರೆ ಸಣ್ಣ ಪ್ರಾಣಿ ಎಂಆರ್‌ಐ ಇರುವ ಕಡೆ ಸೇರಿಕೊಂಡೇ ಮಾಡಬೇಕು. ಇಲ್ಲಿ ಮೊಲದ ಮಣಿಯೊಳಗೆ ವಿಎಕ್ಸ್2. ಪ್ರಶ್ನೆಯೂ ಒಂದೇ: ಹುರಿ ಒತ್ತಿಹೋಗುವ ಮೊದಲು ಮಾಮೂಲಿ ಆಸ್ಪತ್ರೆಯ 1.5 ಟೆಸ್ಲಾ ಎಷ್ಟು ಚಿಕ್ಕ ಗಡ್ಡೆಯನ್ನು ಹಿಡಿಯುತ್ತದೆ, ಅದೇ ದಿನದ ಸಿಟಿ ಎಷ್ಟು ಹಿಡಿಯುತ್ತದೆ, ಸ್ಲೈಡ್ ಏನು ಹೇಳುತ್ತದೆ. ಔಷಧ ಈ ಸುತ್ತಿಗೆ ಇಲ್ಲ. ಗೈಡ್ ಮುಖ ಸ್ವಲ್ಪ ಸಪ್ಪಗಾಯಿತು, ಆದರೆ 64ರ ಲೆಕ್ಕ ತೋರಿಸಿದ ಮೇಲೆ ಸುಮ್ಮನಾದರು.

ಸ್ಕ್ಯಾನ್ ಮಾಡುವ ಕಡೆಯವರು ಬರವಣಿಗೆಯಲ್ಲಿ ಕೊಡಲು ಇನ್ನೂ ಮೀನಮೇಷ ಎಣಿಸುತ್ತಿದ್ದಾರೆ. ಜನ ಮಲಗುವ ಟೇಬಲ್ ಮೇಲೆ ಮೊಲ ಅಂದರೆ ರೋಗಿಗಳು ಏನಂತಾರೆ ಅಂತ.

ಸ್ಲೈಡ್_ನೋಡುವವಳು

ಅವರ ಭಯದಲ್ಲೂ ನ್ಯಾಯವಿದೆ. ಇನ್ಫೆಕ್ಷನ್ ಕಂಟ್ರೋಲ್ ಕಮಿಟಿ ಒಪ್ಪಿಗೆ ಬೇರೆಯಾಗಿ ಕೇಳಿ, ಬರೀ ರೇಡಿಯಾಲಜಿ ಮುಖ್ಯಸ್ಥರ ಬಾಯಿಮಾತು ಸಾಲದು. ಇನ್ನೊಂದು, ಸ್ಲೈಡ್ ಕತ್ತರಿಸುವಾಗ ಎಂಆರ್‌ಐ ಸ್ಲೈಸ್ ಯಾವ ದಿಕ್ಕಿನಲ್ಲಿದೆಯೋ ಅದೇ ದಿಕ್ಕಿನಲ್ಲಿ ಕತ್ತರಿಸಿ. ಮಣಿಯ ಸುಣ್ಣ ಕರಗಿಸಲು ವಾರಗಟ್ಟಲೆ ಬೇಕು, ಅವಸರಕ್ಕೆ ಗಟ್ಟಿ ಆಸಿಡ್ ಹಾಕಿದರೆ ಕೋಶಗಳು ಬಣ್ಣ ಹಿಡಿಯುವುದಿಲ್ಲ. ಸುಣ್ಣವನ್ನು ಮೆಲ್ಲಗೆ ಸೆಳೆಯುವ ಇಡಿಟಿಎ ಹಾಕಿ ತಾಳ್ಮೆಯಿಂದ ಕಾಯಿರಿ.

ಮ್ಯಾಗ್ನೆಟ್_ಮಾಮ

ಬದುಕಿದ ಮೊಲ ತರುವ ಮೊದಲು, ನಿಮ್ಮ ಅನಿಮಲ್ ಹೌಸ್‌ನಲ್ಲಿ ಬೇರೆ ಯಾರದ್ದಾದರೂ ಸ್ಟಡಿ ಮುಗಿದು ಸತ್ತ ಮೊಲ ಸಿಕ್ಕಿದರೆ ಅದನ್ನು ಕೊಡಿ. ಕಾಯಿಲ್, ಸ್ಲೈಸ್, ಟೈಮ್ ಎಲ್ಲವನ್ನೂ ಅದರ ಮೇಲೇ ಸೆಟ್ ಮಾಡಿಬಿಡೋಣ. ಅದಕ್ಕೆ ಅರಿವಳಿಕೆಯೂ ಬೇಡ, ಅವಸರವೂ ಇಲ್ಲ. ಟೇಬಲ್ ಮೇಲೆ ಹಾಸಲು ದಪ್ಪ ಪ್ಲಾಸ್ಟಿಕ್ ಶೀಟ್ ಎರಡು ಪದರ ತನ್ನಿ, ಮೆಡಿಕಲ್ ಶಾಪ್‌ನಲ್ಲಿ ಎಣ್ಣೆ ತುಂಬಿದ ವಿಟಮಿನ್ ಇ ಕ್ಯಾಪ್ಸೂಲ್ ಒಂದು ಸ್ಟ್ರಿಪ್ ತನ್ನಿ. ತೂತು ಮಾಡುವ ಮಣಿಯ ಮೇಲಿನ ಚರ್ಮಕ್ಕೆ ಒಂದನ್ನು ಟೇಪ್ ಹಾಕಿ ಅಂಟಿಸಿದರೆ ಟಿ1ನಲ್ಲಿ ಬೆಳ್ಳಗೆ ಹೊಳೆಯುತ್ತದೆ, ಏಳು ಮಣಿಯಲ್ಲಿ ಯಾವುದು ಅಂತ ಎಣಿಸುತ್ತಾ ಕೂರಬೇಕಾಗಿಲ್ಲ.